ಬಾಲಂಗೋಚಿ

ಮಕ್ಕಳಿಗೆ ಅಂಗಿ ಹೊಲಿಸುವಾಗ ನಾವು ತಾಯಂದಿರು ದರ್ಜಿಗೆ ಎರಡು ಬೆರಳು ಹೆಚ್ಚಿಗೆಯೇ ಹೇಳುತ್ತೇವೆ. ಬೆಳೆಯುವ ಕೂಸು, ಮುಂದಿನ ವರ್ಷಕ್ಕೂ ಆಗಲಿ ಎಂಬ ಲೆಕ್ಕ. ಅಂಚನ್ನು ಒಳಗೆ ಮಡಚಿ ಹೊಲಿಸಿ, ವರ್ಷಕ್ಕೊಮ್ಮೆ ಬಿಚ್ಚಿ ಉದ್ದ ಮಾಡದ ಮನೆ ಯಾವುದಿದೆ? ಈ ಲೆಕ್ಕ ಎಲ್ಲ ಕಡೆಗೂ ನಡೆಯುತ್ತದೆಂದು ನಾನೂ ತಿಳಿದಿದ್ದೆ. ಕಳೆದ ಆಷಾಢದಲ್ಲಿ ಒಂದು ಪತಂಗ ನನಗೆ ಬುದ್ಧಿ ಕಲಿಸಿತು.

ಹಿರಿಯ ಮಗ ಹಾಲೆಂಡಿನಲ್ಲಿದ್ದಾನೆ. ಅಲ್ಲಿಯ ಶಾಲೆಗಳ ದೊಡ್ಡ ರಜೆಯಲ್ಲಿ, ಒಂಬತ್ತು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಸೊಲ್ಲಾಪುರ ರಸ್ತೆಯ ನಮ್ಮ ಮನೆಗೆ ಬಂದಿದ್ದ. ಆ ದೇಶದ ಸಮುದ್ರ ದಂಡೆಯಲ್ಲಿ ಜನ ಕಾಲಿಗೆ ಹಲಗೆ ಸಿಗಿಸಿಕೊಂಡು, ದೊಡ್ಡದೊಂದು ಪತಂಗದ ಎಳೆತಕ್ಕೆ ನೀರಿನ ಮೇಲೆ ಜಾರುತ್ತ ಹೋಗುತ್ತಾರಂತೆ. ಕೈಟ್‌ಸರ್ಫಿಂಗ್ ಎಂದು ಅದರ ಹೆಸರು. ನೀರಿಗೆ ಬಿದ್ದರೂ ಮುಳುಗದ ಹಾಗೆ ಗಾಳಿ ತುಂಬಿಸುವ ಪತಂಗಕ್ಕೆ ಫ್ರಾನ್ಸಿನ ಇಬ್ಬರು ಅಣ್ಣತಮ್ಮಂದಿರು 1984ರಲ್ಲಿ ಪೇಟೆಂಟ್ ಪಡೆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಪತಂಗದ ಪಂದ್ಯವೂ ಸೇರಿತು. ಮಾರ್ಸೇಲ್ ಸಮುದ್ರದಲ್ಲಿ ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಅದನ್ನು ಟಿ.ವಿ.ಯಲ್ಲಿ ನೋಡಿದಾಗಿನಿಂದ ಹುಡುಗಿಗೆ ಅದೇ ಹುಚ್ಚು.

"ಅವ್ವಾ, ಗುರ್ತಿನವರ ಹತ್ರ ಒಂದು ಹಳೇದು ಅದ. ಒಂಬತ್ತು ಚದರ ಮೀಟರಿನದು. ಇಕಿಗೆ ಈಗ ದೊಡ್ಡದಾಗ್ತದ ಖರೆ, ಆದ್ರ ಬೆಳಿಯೂ ಕೂಸಲ್ಲ, ನಾಕ್ ವರ್ಷ ಬರ್ತದ" ಎಂದ ಮಗ. ನನ್ನ ಅಂಗಿಯ ಲೆಕ್ಕವನ್ನೇ ನನಗೆ ಒಪ್ಪಿಸಿದ್ದ!

ಅಷ್ಟರಲ್ಲಿ ಹುಡುಗಿ, "ಆಯಿ, ಇಲ್ಲೇನೂ ನನಗೊಂದು ಪತಂಗ ಕೊಡಸ್ತೀಯೇನು?" ಎಂದಳು. ಎಲ್ಲರೂ ಸುಮ್ಮನಾದೆವು. ನನ್ನ ಕಣ್ಣು ಮನೆಯವರ ಕೊರಳ ಕಡೆಗೆ ಹೋಯಿತು.

2019ರ ಆಷಾಢದಲ್ಲಿ ಅವರು ಸ್ಕೂಟರಿನ ಮೇಲೆ ಮನೆಗೆ ಬರುತ್ತಿದ್ದಾಗ ಇದೇ ರಸ್ತೆಯಲ್ಲಿ ಯಾರದೋ ಪತಂಗದ ಮಾಂಜಾ ಅಡ್ಡ ಬಂತು. ಐದು ಹೊಲಿಗೆ ಬಿದ್ದವು. ನೈಲಾನ್ ಮೊದಲಾದ ಕೃತಕ ದಾರದ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶಕ್ಕೆಲ್ಲ ನಿಷೇಧಿಸಿದ್ದು 2017ರಲ್ಲಿ. ಕಾಯದೆ ಬಂದರೂ ದಾರ ಬಂದೇ ಇತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಪತಂಗದ ಹೆಸರು ಎತ್ತಿದವರಿಲ್ಲ.

ಮನೆಯವರೇ ಮೊದಲು ಮಾತಾಡಿದರು. "ಕೊಡಸೂಣು. ಆದ್ರ ದಾರಾ ನಾ ನೋಡಿ ತಗೋತೀನಿ."

ಗಾಂಧಿ ಚೌಕದ ಆಚೆಯ ಓಣಿಯ ಅಂಗಡಿಯಲ್ಲಿ ಹುಡುಗಿ ತನ್ನ ಹೆಗಲೆತ್ತರದ ಪತಂಗಕ್ಕೇ ಕೈ ಹಾಕಿದಳು. ಮಗನೂ ಹೂಂ ಎಂದ. ನಾನು ಜೊತೆಗೆ ಮೊಳದುದ್ದದ್ದೊಂದನ್ನು ತೆಗೆದಿಟ್ಟೆ. ಮನೆಯವರು ಹತ್ತಿಯ ದಾರವನ್ನು ಬೆರಳ ನಡುವೆ ಎಳೆದು ನೋಡಿ, ಎರಡೂ ಕೈಯಿಂದ ಜಗ್ಗಿ ಹರಿದು, "ಹರೀತದ, ಇದ ಇರ್ಲಿ" ಎಂದರು. ಹರಿಯುವ ದಾರವನ್ನು ಹುಡುಕಿ ಕೊಂಡ ಗಿರಾಕಿಯನ್ನು ಅಂಗಡಿಯವನು ಮೊದಲ ಸಲ ನೋಡಿದನೇನೋ!

ಹಾರಿಸುವುದೆಲ್ಲಿ? ಮಾಳಿಗೆ ಬೇಡ, ಮೇಲೆ ನೋಡುತ್ತ ಹಿಂದೆ ಸರಿಯುವ ಮಕ್ಕಳಿಗೆ ಅಂಚು ಕಾಣುವುದಿಲ್ಲ. ರಸ್ತೆಯ ಬದಿಗೆ ವಾಹನ, ಕರೆಂಟಿನ ತಂತಿ. ತಿಕೋಟಾದ ಕಡೆ ದ್ರಾಕ್ಷಿ ತೋಟಗಳು, ಅಲ್ಲಿಯೂ ತಂತಿಯೇ. ಕೊನೆಗೆ ಬಬಲೇಶ್ವರದ ಹತ್ತಿರದ ನನ್ನ ತಮ್ಮನ ಹೊಲಕ್ಕೆ ಹೋದೆವು. ಹಿಂಗಾರಿ ಜೋಳ ಬಿತ್ತುವ ಎರೆ ಹೊಲ. ಆಷಾಢದಲ್ಲಿ ಖಾಲಿ, ಗಾಳಿಗೆ ಅಡ್ಡ ಒಂದು ಗಿಡವೂ ಇಲ್ಲ.

ಮೊದಲು ದೊಡ್ಡದೇ ಏರಿತು. ಹುಡುಗಿ ಕುಣಿದಳು. ಅಷ್ಟರಲ್ಲಿ ಗಾಳಿ ಜೋರಾಯಿತು. ಗಾಳಿಯ ವೇಗ ಎರಡರಷ್ಟಾದರೆ ಪತಂಗದ ಎಳೆತ ನಾಲ್ಕರಷ್ಟಾಗುತ್ತದೆ. ಹುಡುಗಿ ನಾಲ್ಕು ಹೆಜ್ಜೆ ಓಡಿ ಮೊಣಕಾಲೂರಿ ಬಿದ್ದಳು. "ಬಿಡು, ಬಿಡು!" ಎಂದು ನಾವೆಲ್ಲ ಕೂಗಿದರೂ ಬಿಡಲೊಲ್ಲಳು. ಬಿಟ್ಟರೆ ಸೋತಂತೆ ಎಂದು ಅವಳ ಎಣಿಕೆ. ಅಂಗೈಯಲ್ಲಿ ದಾರ ಜಾರಿ ಕೆಂಪು ಗೆರೆ ಎದ್ದಿತು. ಕಡೆಗೆ ದಾರವೇ ಹರಿದು ಅವಳನ್ನು ಬಿಟ್ಟಿತು. ಮನೆಯವರು ಆ ಕೈಯನ್ನು ಹಿಡಿದು ಎಷ್ಟೋ ಹೊತ್ತು ನೋಡುತ್ತ ನಿಂತರು. ಅಂಗಿ ದೊಡ್ಡದಾದರೆ ಮಡಚಿ ಹೊಲಿಯಬಹುದು. ಪತಂಗ ದೊಡ್ಡದಾದರೆ ಕೂಸನ್ನೇ ಎಳೆದೊಯ್ಯುತ್ತದೆ.

ಮರುದಿನ ನಾನೇ ಕೂತೆ. ನಾವು ಸಣ್ಣವರಿದ್ದಾಗ ಹಾರಿಸುವವರು ಅಣ್ಣತಮ್ಮಂದಿರು. ನಮಗೆ ದಾರದ ಉಂಡಿ ಹಿಡಿದು ನಿಲ್ಲುವ ಕೆಲಸ. ಆದರೆ ನಿಂತು ನೋಡಿದ್ದೂ ವಿದ್ಯೆಯೇ. ಸಣ್ಣ ಪತಂಗಕ್ಕೆ ಸೂತ್ರ ಕಟ್ಟಿದೆ: ಬಿದಿರ ಕಡ್ಡಿಗಳು ಕೂಡುವಲ್ಲಿ ಒಂದು ಗಂಟು, ಕೆಳಗೆ ಒಂದು, ಮೇಲಿನ ಎಳೆ ಸ್ವಲ್ಪ ಗಿಡ್ಡ. ಹಳೆಯ ಇಳಕಲ್ಲ ಸೀರೆಯ ಪಟ್ಟಿ ಹರಿದು ಬಾಲಂಗೋಚಿ ಮಾಡಿದೆ. ಬಾಲಂಗೋಚಿ ಚಂದಕ್ಕಲ್ಲ, ಗಾಳಿಗೆ ತಡೆಯಾಗಿ ಪತಂಗ ಗಿರಕಿ ಹೊಡೆಯದಂತೆ ಹಿಡಿಯುತ್ತದೆ. ಗಾಳಿ ಹೆಚ್ಚಿದ್ದರೆ ಉದ್ದ ಬೇಕು, ಅತಿಯಾದರೆ ಏಳುವುದೇ ಇಲ್ಲ. ಹಾರಿಸುವ ಮೊದಲು ಹುಡುಗಿಗೆ ಒಂದೇ ಪಾಠ ಹೇಳಿದೆ: "ನಾ ಬಿಡು ಅಂದ ಕೂಡ್ಲೆ ಕೈ ಬಿಡಬೇಕು. ಪತಂಗ ಹೋದ್ರ ಇನ್ನೊಂದು ಸಿಗ್ತದ." ಮೂರು ಸಲ ಬಿಡಿಸಿದೆ, ಮೂರು ಸಲವೂ ಓಡಿಹೋಗಿ ತಂದಳು. ನಾಲ್ಕನೆಯ ಸಲ ಸಣ್ಣ ಪತಂಗ ಏರಿ, ತಾಸುಗಟ್ಟಲೆ ನಿಂತಿತು.

ಮಗ ಬದುವಿನ ಮೇಲೆ ಕೂತು ನೋಡುತ್ತಿದ್ದ. "ಅಲ್ಲಿ ಕಲಿಸೂ ಮಾಸ್ತರೂ ಇದನ್ನೇ ಹೇಳಿದ್ದರವ್ವಾ. ಮೈಮುಂದ ಒಂದು ಹಿಡಿ ಇರ್ತದ, ಅದನ್ನ ಬಿಡಿಸಿದ್ರ ಪತಂಗದ ಶಕ್ತೀನ ಹೋಗ್ತದ. ಅದ ಬರೂತನಕ ನೀರಿಗಿ ಇಳಸೂದಿಲ್ಲ. ಮೊದಲು ಎರಡೋ ಮೂರೋ ಚದರ ಮೀಟರಿನದು, ಅದೂ ಉಸುಕಿನ ಮ್ಯಾಲೆ. ನನಗ ರೊಕ್ಕದ ಲೆಕ್ಕ ಅಡ್ಡ ಬಂತು."

ಊರಿಗೆ ಮರಳಿದ ಮೇಲೆ ಅವನು ಕೊಂಡದ್ದು ಎರಡು ಚದರ ಮೀಟರಿನದು. ಮುಂದಿನ ವರ್ಷ ಮಾರಬೇಕಾದೀತು, ಮಾರಲಿ.

ಇಲ್ಲಿ ಉಳಿದ ಹತ್ತಿಯ ದಾರವನ್ನು ಮನೆಯವರು ಉಂಡಿ ಸುತ್ತಿ ಕಪಾಟಿನಲ್ಲಿ ಇಟ್ಟರು. ಪತಂಗದ ಹೆಸರೂ ಬಾರದಿದ್ದ ಮನೆ ಇದು. ನಾನು ನೋಡಿಯೂ ನೋಡದವಳ ಹಾಗೆ ಬಾಲಂಗೋಚಿಯನ್ನು ಮಡಚಿ ಅದರ ಮಗ್ಗುಲಿಗಿಟ್ಟೆ. ಬರುವ ಆಷಾಢಕ್ಕೆ ಬೇಕಾಗುತ್ತದೆ.