ಉಪ್ಪಿಟ್ಟಿನ ಒತ್ತು

ಹೊಸ ರೋಲು ಕೈಗೆ ಬಂದ ಕೂಡಲೇ ಉಗುರಿನಿಂದ ಒಂದು ಗೀರು ಎಳೆಯಬೇಕು. ಕಪ್ಪು ಗೆರೆ ಮೂಡಿದರೆ ಅದು ಮುಖ, ಮೂಡದಿದ್ದರೆ ಬೆನ್ನು. ಬಿಲ್ ಮಷಿನ್ ಕೆಟ್ಟಿದೆ ಎಂದು ನನಗೆ ಬರುವ ಫೋನುಗಳಲ್ಲಿ ದೊಡ್ಡ ಪಾಲು ಈ ಮುಖ-ಬೆನ್ನಿನ ಗೊಂದಲದ್ದೇ. "ಅಣ್ಣಾ, ಪೇಪರ್ ಬರ್ತಾ ಐತೆ, ಅಕ್ಷರ ಬರ್ತಾ ಇಲ್ಲ." "ರೋಲ್ ತೆಗೆದು ತಿರುಗಿಸಿ ಹಾಕಪ್ಪ." ಸ್ವಲ್ಪ ಹೊತ್ತಿಗೆ "ಬಂತಣ್ಣಾ" ಎಂದು ಇನ್ನೊಂದು ಫೋನು. ಇದಕ್ಕೆಲ್ಲ ದುಡ್ಡು ಕೇಳುವಂತಿಲ್ಲ. ಆದರೆ ಆ "ಬಂತಣ್ಣಾ" ಕಿವಿಗೆ ಬಿದ್ದರೆ ಅವತ್ತಿನ ಟ್ರಾಫಿಕ್ಕು ಅಷ್ಟಾಗಿ ಕಾಡುವುದಿಲ್ಲ.

ನನಗೆ ಅಂಗಡಿ ಅಂತ ಇಲ್ಲ. ಒಂದು ಸ್ಕೂಟರು, ಬೆನ್ನಿಗೆ ಸ್ಕ್ರೂಡ್ರೈವರು-ಕೇಬಲ್ಲುಗಳ ಬ್ಯಾಗು, ಕಾಲ ಬಳಿ ರೋಲಿನ ಬಾಕ್ಸು. ಟಿನ್ ಫ್ಯಾಕ್ಟರಿಯಿಂದ ಒಂದು ಕಡೆ ಉದಯನಗರ, ಮಹದೇವಪುರ, ಇನ್ನೊಂದು ಕಡೆ ದೂರವಾಣಿನಗರ, ಕೆ.ಆರ್. ಪುರ. ಇಷ್ಟೇ ನನ್ನ ರಾಜ್ಯ. ಹಳೇ ಮದ್ರಾಸ್ ರಸ್ತೆಯೂ ಹೊರ ವರ್ತುಲ ರಸ್ತೆಯೂ ಇಲ್ಲಿ ಒಂದರ ಮೇಲೊಂದು ಬೀಳುತ್ತವೆ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ-ಕೆ.ಆರ್. ಪುರದ ನಡುವೆ ಮೆಟ್ರೋ ಓಡಲು ಶುರುವಾದ ಮೇಲೆ ಬೆನ್ನಿಗಾನಹಳ್ಳಿ ಸ್ಟೇಷನ್ನಿನ ಜನವೂ ಸೇರಿಕೊಂಡರು. ಹೊಸಕೋಟೆ, ಕೋಲಾರ, ಚಿಂತಾಮಣಿ, ಮುಳಬಾಗಿಲು ಎಂದು ಕೂಗುವ ಬಸ್ಸುಗಳ ಪಕ್ಕದಲ್ಲಿ ನಿಂತವರು ಯಾರೂ ಕೂತು ತಿನ್ನುವವರಲ್ಲ. ಬಸ್ ಹೊರಡುವ ಮುಂಚೆ ಎರಡು ಇಡ್ಲಿ ಒಂದು ವಡೆ ಆಗಬೇಕು. ಅದಕ್ಕೆ ಚೀಟಿ ಕಣ್ಣು ಮಿಟುಕಿಸುವುದರೊಳಗೆ ಬರಬೇಕು. ಈ ಜಾಗಕ್ಕೂ ಈ ಮಷಿನ್ನಿಗೂ ಹೇಗೋ ಹೊಂದಿಕೆಯಾಗಿಬಿಟ್ಟಿದೆ.

ಈ ಮಷಿನ್ನಿನಲ್ಲಿ ಶಾಯಿ ಇಲ್ಲ, ರಿಬ್ಬನ್ ಇಲ್ಲ, ಟೋನರ್ ಇಲ್ಲ. ಇರುವುದು ಬಿಸಿ ಮಾತ್ರ, ಥರ್ಮಲ್ ಪ್ರಿಂಟರ್ ಎನ್ನುವುದು ಅದಕ್ಕೇ. ಕಾಗದದ ಮೇಲಿನ ಲೇಪದಲ್ಲಿ ಬಣ್ಣವೇ ಕಾಣದ ಒಂದು ಬಣ್ಣದ ಪುಡಿ, ಅದರ ಪಕ್ಕದಲ್ಲೇ ಅದನ್ನು ಕೆರಳಿಸುವ ಆಮ್ಲದ ಪುಡಿ, ಎರಡೂ ಗಟ್ಟಿಯಾಗಿ ಸುಮ್ಮನೆ ಕೂತಿರುತ್ತವೆ. ಬಿಸಿ ತಾಕಿದರೆ ಕರಗಿ ಕೂಡಿಕೊಳ್ಳುತ್ತವೆ, ಕಪ್ಪಾಗುತ್ತದೆ. ಉಗುರು ಗೀರಿದಾಗ ಆಗುವುದೂ ಇದೇ, ಉಜ್ಜಿದ ಬಿಸಿಗೆ. ಎಂಬತ್ತು ಮಿಲಿಮೀಟರ್ ಪೇಪರಿನ ಪ್ರಿಂಟರಿನ ಹೆಡ್ಡಿನಲ್ಲಿ ಒಂದೇ ಸಾಲಿನಲ್ಲಿ 576 ಬಿಸಿ ಚುಕ್ಕಿಗಳಿರುತ್ತವೆ, ಮಿಲಿಮೀಟರಿಗೆ ಎಂಟು. ಸೆಕೆಂಡಿಗೆ 200 ಮಿಲಿಮೀಟರ್ ಪೇಪರ್ ಓಡುತ್ತಿದ್ದರೆ ಆ ಸಾಲು ಸೆಕೆಂಡಿಗೆ 1600 ಸಲ ಕಾಯಬೇಕು, ಆರಬೇಕು. ಕಾಯುವುದು ಸುಲಭ. ಅಷ್ಟು ಬೇಗ ಆರುವುದಿದೆಯಲ್ಲ, ಕೈಚಳಕ ಇರುವುದು ಅಲ್ಲಿ.

ಇದರ ಹಿಂದಿನ ತಲೆ ಜ್ಯಾಕ್ ಕಿಲ್ಬಿಯದು. ಇಂಟಿಗ್ರೇಟೆಡ್ ಸರ್ಕ್ಯೂಟಿಗಾಗಿ 2000ರಲ್ಲಿ ನೊಬೆಲ್ ಪಡೆದ ಅದೇ ಕಿಲ್ಬಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿದ್ದಾಗ ಅವನೂ ಜೊತೆಯವರೂ 1967ರಲ್ಲಿ ಕೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರಿನ ಮೊದಲ ಮಾದರಿ ಮಾಡಿದರು. ಅದಕ್ಕೆ ಪರದೆಯೇ ಇರಲಿಲ್ಲ. ಲೆಕ್ಕದ ಉತ್ತರ ಪೇಪರ್ ಪಟ್ಟಿಯ ಮೇಲೆ ಬಿಸಿಯಿಂದ ಅಚ್ಚಾಗಿ ಹೊರಗೆ ಬರುತ್ತಿತ್ತು. ಅದೇ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದು ದಂಡಿನ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಆಫೀಸು ಹೂಡಿತು. ಐಟಿ ಬಂದ ಕತೆ ಹೇಳುವವರೆಲ್ಲ ಆ ಕಟ್ಟಡದ ಹೆಸರು ಎತ್ತುತ್ತಾರೆ. ನಾನು ಆ ಕಡೆ ಹೋದರೆ ನೆನಪಾಗುವುದು ಸಾಫ್ಟ್‌ವೇರ್ ಅಲ್ಲ, ಪರದೆಯಿಲ್ಲದ ಆ ಕ್ಯಾಲ್ಕುಲೇಟರು.

ಮಷಿನ್ ಕೂರಿಸುವಾಗ ನಾನು ಮೊದಲು ನೋಡುವುದು ಜಾಗ. ಮಾಲೀಕರು ತೋರಿಸುವ ಜಾಗ ಯಾವಾಗಲೂ ತಪ್ಪು. ಕಾಫಿ ಡಿಕಾಕ್ಷನ್ನಿನ ಪಕ್ಕ, ದೋಸೆ ಹಂಚಿನ ಹೊಗೆ ಬರುವ ಕಡೆ, ಇಲ್ಲದಿದ್ದರೆ ಮಧ್ಯಾಹ್ನದ ಬಿಸಿಲು ನೇರ ಬೀಳುವ ಗಾಜಿನ ಹಿಂದೆ. ಎಣ್ಣೆಯ ಜಿಡ್ಡು ಹೆಡ್ಡಿನ ಮೇಲೆ ಕೂತರೆ ಬಿಲ್ಲಿನ ಉದ್ದಕ್ಕೂ ಬಿಳಿ ಗೆರೆ ಬೀಳುತ್ತದೆ. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು, ಅದೂ ಹೆಡ್ಡು ತಣ್ಣಗಾದ ಮೇಲೆ. ಬ್ಲೇಡಿನಲ್ಲಿ ಕೆರೆದವರ ಮಷಿನ್ನನ್ನು ನಾನು ಮುಟ್ಟುವುದಿಲ್ಲ. ಆ ಬಿಳಿ ಗೆರೆ ಆಮೇಲೆ ಯಾವ ಔಷಧಿಗೂ ಹೋಗುವುದಿಲ್ಲ.

ಜಾಗ ಒಪ್ಪಿಗೆಯಾದರೆ ಫೀಡ್ ಬಟನ್ ಒತ್ತಿ ಹಿಡಿದು ಸ್ವಿಚ್ ಹಾಕುವುದು. ಪ್ರಿಂಟರ್ ತನ್ನ ಜಾತಕವನ್ನು ತಾನೇ ಹೊರಗೆ ಹಾಕುತ್ತದೆ: ವೇಗ, ಸಾಂದ್ರತೆ, ಕೋಡ್ ಪೇಜು, ನೆಟ್‌ವರ್ಕಿನದಾದರೆ ಐಪಿ ಅಡ್ರೆಸ್ಸು. ಫ್ಯಾಕ್ಟರಿಯಿಂದ ಬಂದ ಅಡ್ರೆಸ್ಸು ಅಂಗಡಿಯ ವೈಫೈ ಮನೆತನಕ್ಕೆ ಸೇರಿದ್ದೇ ಅಪರೂಪ. ಅದನ್ನು ಬದಲಿಸಿ, ಗಟ್ಟಿಯಾಗಿ ಕೂರಿಸಿ ಬರಬೇಕು. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ದಿನ ಅಡುಗೆಮನೆಯ ಪ್ರಿಂಟರ್ ಮೌನವ್ರತ ಹಿಡಿಯುತ್ತದೆ. ಆಮೇಲೆ ಡ್ರೈವರಿನಲ್ಲಿ ಪೇಪರಿನ ಅಳತೆ. ಅದು ಎ-ಫೋರ್ ಎಂದೇ ಉಳಿದಿದ್ದರೆ ಒಂದು ಟೀಗೆ ಒಂದಡಿ ಚೀಟಿ ಬರುತ್ತದೆ, ಮೇಲೆ ಎರಡು ಸಾಲು, ಕೆಳಗೆಲ್ಲ ಬಟ್ಟಬಯಲು. ಕೊನೆಗೆ ಕಟರು. ಒಳ್ಳೆಯ ಕಟರು ಚೀಟಿಯನ್ನು ಪೂರ್ತಿ ಕತ್ತರಿಸುವುದಿಲ್ಲ. ನಡುವೆ ಒಂದು ಎಳೆಯಷ್ಟು ಬಿಟ್ಟಿರುತ್ತದೆ. ಚೀಟಿ ನೆಲಕ್ಕೆ ಬೀಳದೆ ಬಾಯಲ್ಲೇ ನೇತಾಡುತ್ತದೆ. ಕ್ಯಾಷಿಯರು ನೋಡದೆಯೇ ಕೈ ಚಾಚಿ ಕಿತ್ತು ಕೊಡುತ್ತಾನೆ. ಆ 'ಚರ್' ಸದ್ದು ಸರಿಯಾಗಿ ಬರುವ ತನಕ ನಾನು ಅಂಗಡಿ ಬಿಡುವುದಿಲ್ಲ.

ಇಷ್ಟು ಯಾರು ಬೇಕಾದರೂ ಮಾಡುತ್ತಾರೆ. ನನಗೆ ನಿಜವಾದ ರುಚಿ ಇರುವುದು ಕನ್ನಡ ಹೊರಡಿಸುವುದರಲ್ಲಿ.

ಇಂಗ್ಲಿಷ್ ಅಕ್ಷರಗಳು ಪ್ರಿಂಟರಿನ ಹೊಟ್ಟೆಯಲ್ಲೇ ಹುಟ್ಟಿಬಂದಿರುತ್ತವೆ. ಅಕ್ಷರಕ್ಕೆ ಹನ್ನೆರಡು ಚುಕ್ಕಿ ಅಗಲ, ಇಪ್ಪತ್ನಾಲ್ಕು ಚುಕ್ಕಿ ಎತ್ತರ. ಎಪ್ಸನ್ ಕಂಪನಿಯ ಇಎಸ್‌ಸಿ-ಪಿಒಎಸ್ ಎಂಬ ಆಜ್ಞೆಗಳ ಭಾಷೆಯನ್ನು ಹೆಚ್ಚುಕಡಿಮೆ ಎಲ್ಲ ಪ್ರಿಂಟರುಗಳೂ ಕಲಿತಿವೆ. ಆದರೆ ನನ್ನ ಕೈಗೆ ಬರುವ ಮಷಿನ್ನುಗಳಲ್ಲಿ ಕನ್ನಡಕ್ಕೆ ಮನೆಯಿಲ್ಲ. ಮೊಬೈಲಿನಿಂದ ಬ್ಲೂಟೂತಿನಲ್ಲಿ 'ಇಡ್ಲಿ' ಎಂದು ಕಳಿಸಿ ನೋಡಿ, ಅಗ್ಗದ ಮಷಿನ್ನಾದರೆ ಚೀನೀ ಅಕ್ಷರಗಳ ಒಂದು ಸಾಲು ಬರುತ್ತದೆ. ಆದ್ದರಿಂದ ಕನ್ನಡವನ್ನು ಅಕ್ಷರವಾಗಿ ಕಳಿಸದೆ ಚಿತ್ರವಾಗಿ ಬಿಡಿಸಿ ಕಳಿಸಬೇಕು.

ಅಲ್ಲಿಗೆ ಮುಗಿಯಲಿಲ್ಲ. ನನ್ನ ಪರೀಕ್ಷೆಯ ಪದ ಉಪ್ಪಿಟ್ಟು. ವಡೆ, ಕಾಫಿ, ಪೂರಿ ಎಲ್ಲ ಸಾಧು ಪ್ರಾಣಿಗಳು, ಯಾವ ಸಾಫ್ಟ್‌ವೇರಿನಲ್ಲೂ ಬರುತ್ತವೆ. ಉಪ್ಪಿಟ್ಟಿನಲ್ಲಿ ಎರಡು ಒತ್ತು, ಒಂದರ ಮೇಲೆ ಗುಡಿಸು, ಇನ್ನೊಂದಕ್ಕೆ ಕೊಂಬು. ಮೊದಲ ಸುತ್ತಿನಲ್ಲಿ 'ಉಪ್‌ಪಿಟ್‌ಟು' ಎಂದು ಕೈಕಾಲು ಬೇರೆಯಾಗಿ ಬರುತ್ತದೆ. ಅಕ್ಷರ ಜೋಡಿಸುವ ಬುದ್ಧಿ ಆ ಸಾಫ್ಟ್‌ವೇರಿಗೆ ಇಲ್ಲ ಎಂದರ್ಥ. ಅದನ್ನು ಸರಿಮಾಡಿದರೆ ಒತ್ತುಗಳ ಕಾಲು ಕತ್ತರಿಸಿ ಬರುತ್ತದೆ, ಸಾಲಿನ ಎತ್ತರವನ್ನು ಇಂಗ್ಲಿಷಿನ ಲೆಕ್ಕದಲ್ಲಿ ಇಪ್ಪತ್ನಾಲ್ಕೇ ಚುಕ್ಕಿಗೆ ಕಟ್ಟಿರುತ್ತಾರಲ್ಲ. ನಲವತ್ತಕ್ಕೆ ಏರಿಸಿದರೆ ಕಾಲು ಚಾಚಲು ಜಾಗ ಸಿಗುತ್ತದೆ. ಆಗ ಇನ್ನೊಂದು ತೊಡಕು: ತುಂಗಾದಂಥ ತೆಳ್ಳನೆ ಫಾಂಟಾದರೆ ಟ-ವತ್ತಿನ ಬಳುಕು ಮಾಯ. ಅಕ್ಷರದ ಅಂಚು ನಯವಾಗಿ ಕಾಣಲೆಂದು ಕಂಪ್ಯೂಟರ್ ಸುತ್ತ ಬೂದು ಚುಕ್ಕಿ ಬಳಿಯುತ್ತದೆ. ಥರ್ಮಲ್ ಹೆಡ್ಡಿಗೆ ಬೂದು ಗೊತ್ತಿಲ್ಲ. ಸುಡು, ಇಲ್ಲವೇ ಸುಮ್ಮನಿರು, ಎರಡೇ. ಆದ್ದರಿಂದ ದಪ್ಪ ಫಾಂಟು ಹಾಕಿ, ಬೂದನ್ನೆಲ್ಲ ಕಪ್ಪಿಗೋ ಬಿಳಿಗೋ ಮೊದಲೇ ದೂಡಿ, ಸಾಂದ್ರತೆ ಒಂದು ಮೆಟ್ಟಿಲು ಇಳಿಸಬೇಕು. ಬಿಸಿ ಜಾಸ್ತಿಯಾದರೆ ಪ-ವತ್ತಿನ ಒಳಗಿನ ಪುಟ್ಟ ಬಿಳಿ ಹೊಟ್ಟೆ ತುಂಬಿಕೊಂಡು ಮಸಿಯ ಉಂಡೆಯಾಗುತ್ತದೆ. ಆ ಬಿಳಿ ಉಳಿಯಬೇಕು. ಚೀಟಿಯನ್ನು ಬೆಳಕಿಗೆ ಹಿಡಿದು ಆ ಒಂದು ಚುಕ್ಕಿ ಬಿಳಿಯನ್ನು ಹುಡುಕುವುದರಲ್ಲಿ ನಾನು ಕಳೆದ ಸಂಜೆಗಳಿಗೆ ಯಾವ ಬಿಲ್ಲೂ ಇಲ್ಲ.

"ಇಂಗ್ಲಿಷಲ್ಲೇ ಬರಲಿ ಬಿಡಿ ಸಾರ್, ಯಾರು ಓದ್ತಾರೆ" ಎನ್ನುವ ಮಾಲೀಕರಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಕುಂದಾಪುರದ ಭಟ್ಟರು ಒಲೆ ಮುಂದೆ ನಿಂತಿದ್ದರೆ ಕನ್ನಡ ಚೀಟಿ ಸೊಗಸು. ಈಗ ದೋಸೆ ಹಾಕುತ್ತಿರುವ ಹುಡುಗ ಒಡಿಶಾದವನು, ಅವನಿಗೆ ಎರಡೂ ಲಿಪಿ ಒಂದೇ. ಅವನು ನೋಡುವುದು ಟೋಕನ್ ನಂಬರು. ಹಾಗಾಗಿ ನಂಬರನ್ನು ಎರಡು ಪಟ್ಟು ದೊಡ್ಡದು ಮಾಡುತ್ತೇನೆ, ತಿಂಡಿಯ ಹೆಸರನ್ನು ಕನ್ನಡದಲ್ಲಿ ಬಿಡುತ್ತೇನೆ. ಕೋಲಾರದ ಬಸ್ಸಿಳಿದು ಬಂದ ಅಜ್ಜಿ ಚೀಟಿ ಓದಿಕೊಂಡು "ವಡೆ ಒಂದೇ ಹಾಕಿದ್ದೀಯಲ್ಲಪ್ಪ" ಎಂದು ಕೇಳಬಹುದಾದ ಹಕ್ಕು ಅದು. ಬಸ್ಸಿನಲ್ಲಿ ಕೂಡ ಕಂಡಕ್ಟರ ಕೈಯ ಮಷಿನ್ನಿನಿಂದ ಟಿಕೆಟ್ಟು ಕನ್ನಡದಲ್ಲೇ ಬರುತ್ತದೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಶೂನ್ಯ ದರದ ಟಿಕೆಟ್ಟಿಗೂ ಪೇಪರ್ ಬೇಕಾಯಿತು. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಹೆಬ್ಬೆರಳಿನಿಂದ ಮುಚ್ಚಳ ಎಬ್ಬಿಸಿ, ಹಲ್ಲಿನಲ್ಲಿ ಕಚ್ಚಿದ ಹೊಸ ರೋಲನ್ನು ಒಳಗೆ ತಳ್ಳುವ ಕಂಡಕ್ಟರನ್ನು ನೋಡಿದಾಗಲೆಲ್ಲ ನಾನು ಸ್ಕೂಟರ್ ನಿಲ್ಲಿಸುತ್ತೇನೆ. ನಾನು ಮೇಜಿನ ಮೇಲೆ ಮಾಡುವುದನ್ನು ಅವರು ಓಡುವ ಬಸ್ಸಿನಲ್ಲಿ ಮಾಡುತ್ತಾರೆ.

ಇನ್ನು ರೋಲಿನ ವ್ಯಾಪಾರ. ಮಷಿನ್ ಮಾರಿದ್ದು ಒಂದು ಸಲದ ಲಾಭ, ಅನ್ನ ಹಾಕುವುದು ರೋಲು. ಹೆಡ್ಡಿನ ಆಯಸ್ಸನ್ನು ಕಂಪನಿಯವರು ಕಿಲೋಮೀಟರಿನಲ್ಲಿ ಹೇಳುತ್ತಾರೆ. 100 ಕಿಲೋಮೀಟರ್ ಎಂದರೆ ಇಲ್ಲಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಹೊಸಕೋಟೆ, ಕೋಲಾರ ದಾಟಿ ಮುಳಬಾಗಿಲಿನ ಆಚೆ. ಹತ್ತು ಸೆಂಟಿಮೀಟರಿನ ಟೋಕನ್ನಾದರೆ ಹತ್ತು ಲಕ್ಷ ಚೀಟಿ. ಅಷ್ಟೂ ಉದ್ದದ ಪೇಪರನ್ನು ಯಾರಾದರೂ ತಂದುಕೊಡಬೇಕಲ್ಲ.

ಈ ಪೇಪರಿನ ಲೋಕದಲ್ಲಿ ಒಂದು ಮೋಸ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಕವರಿನ ಮೇಲೆ 50 ಮೀಟರ್ ಎಂದಿರುತ್ತದೆ. ಬಿಚ್ಚಿದರೆ ನಲವತ್ತೂ ಇರುವುದಿಲ್ಲ. ಒಳಗಿನ ಕೊಳವೆ ದಪ್ಪವಾಗಿದ್ದು ಸುತ್ತು ಸಡಿಲವಾಗಿದ್ದರೆ ಹೊರಗಿನಿಂದ ರೋಲು ದುಂಡಗೆ ಕಾಣುತ್ತದೆ. ಬಿಚ್ಚಿ ಅಳೆಯುತ್ತಾ ಕೂರಲು ಯಾರಿಗೆ ಪುರುಸೊತ್ತು? ನಾನು ತೂಗುತ್ತೇನೆ. ಪೇಪರ್ ಚದರ ಮೀಟರಿಗೆ 55 ಗ್ರಾಮಿನದಾದರೆ, 79 ಮಿಲಿಮೀಟರ್ ಅಗಲಕ್ಕೆ, 50 ಮೀಟರ್ ಉದ್ದಕ್ಕೆ ಕೊಳವೆ ಬಿಟ್ಟು ಸುಮಾರು 217 ಗ್ರಾಮ್ ತೂಗಬೇಕು. ತರಕಾರಿ ಗಾಡಿಯ ತಕ್ಕಡಿ ಸಾಕು. 48 ಗ್ರಾಮಿನ ತೆಳು ಪೇಪರಾದರೆ 190ರ ಹತ್ತಿರ, ಅದನ್ನು ಬೆರಳೇ ಹೇಳುತ್ತದೆ. ಈ ಲೆಕ್ಕವನ್ನು ಗಿರಾಕಿಗಳಿಗೂ ಹೇಳಿಕೊಡುತ್ತೇನೆ. ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಲೇಪದಲ್ಲಿ ಬಿಪಿಎ ಎಂಬ ರಾಸಾಯನಿಕ ಇರುವ ಪೇಪರನ್ನು ಯೂರೋಪಿನಲ್ಲಿ 2020ರಿಂದ ಬಹುಮಟ್ಟಿಗೆ ನಿಲ್ಲಿಸಿದ್ದಾರೆ. ದಿನವಿಡೀ ಚೀಟಿ ಹರಿಯುವ ಕೈಗಳಿಗಾಗಿ, ಅದಿಲ್ಲದ ರೋಲು ಸಿಕ್ಕಾಗ ನಾನೂ ಅದನ್ನೇ ತರುತ್ತೇನೆ.

ಥರ್ಮಲ್ ಬಿಲ್ಲು ಅಳಿಸಿಹೋಗುತ್ತದೆ ಎಂಬುದು ಜನರ ಖಾಯಂ ದೂರು. ನಿಜ. ಬಿಸಿಲು, ಎಣ್ಣೆ, ಸ್ಯಾನಿಟೈಸರು, ಪರ್ಸಿನೊಳಗಿನ ಪ್ಲಾಸ್ಟಿಕ್ ಜೇಬು, ಎಲ್ಲವೂ ಅದರ ಶತ್ರುಗಳೇ. ಐಟಿಐ ಕಾಲೊನಿಯ ನಿವೃತ್ತ ಹಿರಿಯರೊಬ್ಬರು ಫ್ರಿಜ್ಜಿನ ಬಿಲ್ಲು ಹತ್ತು ವರ್ಷ ಬಾಳಲಿ ಎಂದು ಲ್ಯಾಮಿನೇಷನ್ ಮಾಡಿಸಲು ಹೋದರು. ಬಿಸಿ ರೋಲರಿನಿಂದ ಈಚೆ ಬಂದದ್ದು ಅಡಿಯಿಂದ ಮುಡಿಯವರೆಗೆ ಕಡುಗಪ್ಪು ಹಾಳೆ. "ವಾರಂಟಿಗೆ ಅಮಾವಾಸ್ಯೆ ಹಿಡೀತಲ್ಲಯ್ಯ" ಎಂದು ಅವರೇ ನಕ್ಕರು. ಬಿಲ್ಲು ಉಳಿಯಬೇಕಾದರೆ ಅವತ್ತೇ ಜೆರಾಕ್ಸ್ ಮಾಡಿಸಿ, ಇಲ್ಲವೇ ಫೋಟೋ ತೆಗೆದಿಡಿ. ಟೋಕನ್ನಿಗೆ ಆ ಚಿಂತೆಯಿಲ್ಲ. ಅದು ಕೌಂಟರಿನಲ್ಲಿ ಹುಟ್ಟಿ, ತಿಂಡಿ ಕೊಡುವವನ ಕಡ್ಡಿಗೆ ಚುಚ್ಚಿಸಿಕೊಳ್ಳುವ ತನಕ ಬದುಕಿದರೆ ಸಾಕು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗಿನಿಂದ ನಿಂತು ತಿನ್ನುವ ಈ ಊರಿಗೆ ಅಷ್ಟು ಆಯಸ್ಸಿನ ಕಾಗದವೇ ಸರಿ. ಅಷ್ಟು ಹೊತ್ತಿಗಾದರೂ ಒತ್ತು ನೆಟ್ಟಗಿರಲಿ ಎಂಬುದು ನನ್ನ ಹಟ.

ಮೊನ್ನೆ ಹಳೇ ಮದ್ರಾಸ್ ರಸ್ತೆಯ ಪಕ್ಕದ ಒಂದು ಮಿಲಿಟ್ರಿ ಹೋಟೆಲಿನವರು ಕರೆದರು. ಅವರದು 58 ಮಿಲಿಮೀಟರಿನ ಚಿಕ್ಕ ಪ್ರಿಂಟರು, ಸಾಲಿಗೆ 384 ಚುಕ್ಕಿ. 'ನಾಟಿ ಕೋಳಿ ಸಾರು ಮುದ್ದೆ ಊಟ' ಎಂಬುದು ಆ ಅಗಲಕ್ಕೆ ಒಗ್ಗದೆ ಎರಡು ಸಾಲಾಗಿ, ರೇಟು ಮೂರನೇ ಸಾಲಿಗೆ ಜಾರುತ್ತಿತ್ತು. ಅಕ್ಷರ ಚಿಕ್ಕದು ಮಾಡಿದರೆ ಮುದ್ದೆಯ ದ-ವತ್ತು ಮುದ್ದೆಯೇ ಆಗುತ್ತಿತ್ತು.

"ಹೆಸರು ಮೊಟಕು ಮಾಡೋಣ ಯಜಮಾನ್ರೇ. ನಾ.ಕೋ. ಮುದ್ದೆ ಅಂತ ಹಾಕ್ತೀನಿ."

"ನಾಕೋ ಅಂದ್ರೆ ಶಿವಾಜಿನಗರದಿಂದ ಬರೋ ಸಾಬರು ನಕ್ಕೋ ಅಂತ ಓದ್ಕೊಂಡು ಎದ್ದು ಹೋಗ್ತಾರೆ ಗುರೂ. ಹೆಸರು ಮುಟ್ಬೇಡ. ಬೇಕಿದ್ರೆ ಪೇಪರ್ ದೊಡ್ಡದು ಮಾಡು."

ಮಾಡಿದೆ. ಎಂಬತ್ತರ ಪ್ರಿಂಟರ್ ತಂದು ಕೂರಿಸಿ, ಸಾಲಿನ ಎತ್ತರ ಹೊಂದಿಸಿ ಒತ್ತಿದರೆ ಇಡೀ ಊಟ ಒಂದೇ ಸಾಲಿನಲ್ಲಿ ಬಂತು, ಬಲಗಡೆ ರೇಟು ಕೂಡ. ಚೀಟಿ ಕಿತ್ತು ದೂರ ಹಿಡಿದು ಓದಿದರು, ತಲೆಯಾಡಿಸಿದರು. ಜೊತೆಗೆ ರೋಲು ಒಂದು ಬಾಕ್ಸ್ ಇಡಲೇ ಎಂದೆ. ಅವರು ಒಳಗೆ ತಿರುಗಿ, ಮಟನ್ ತೂಗುವ ತಕ್ಕಡಿ ತರುವಂತೆ ಹುಡುಗನಿಗೆ ಕೂಗಿ ಹೇಳಿದರು.