ಇಳಿಯದೆ ಮೇಲೆದ್ದ ವಿಮಾನ

ಮಗಳ ಹೆರಿಗೆ ಹತ್ತಿರ ಬಂದಿತ್ತು. ದೇಸೂರಿನಿಂದ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಹೋಗಿ ವಿಮಾನ ಹತ್ತಿದೆವು, ನಡುವೆ ಇನ್ನೊಂದಕ್ಕೆ ಬದಲಿಸಿದೆವು. ಅದು ಮಗಳ ಊರು ಮುಟ್ಟುವ ಹೊತ್ತಿಗೆ ರಾತ್ರಿ, ಬಿಡದೆ ಸುರಿಯುವ ಮಳೆ. ಆ ನಿಲ್ದಾಣದ ಹೆಸರು ಇಲ್ಲಿ ಬೇಡ.

ಚಕ್ರ ಕೆಳಗಿಳಿದ ಸದ್ದು ಕೇಳಿತು. ಕಿಟಕಿಯಾಚೆ ರೆಕ್ಕೆಯ ತುದಿಯ ದೀಪ ಮೋಡಕ್ಕೆ ಬಡಿದು ಮಿನುಗುತ್ತಿತ್ತು, ಕೆಳಗೆ ಏನೂ ಇಲ್ಲ. ಇನ್ನೇನು ನೆಲ ಮುಟ್ಟಿತು ಅನ್ನುವಾಗ ಎಂಜಿನ್ ಅಬ್ಬರಿಸಿತು. "ಮತ್ತ ಮ್ಯಾಲ ಹೊಂಟೈತಲ್ರೀ" ಎಂದು ಹೆಂಡತಿ ನನ್ನ ಮಣಿಕಟ್ಟು ಹಿಡಿದಳು. ಉಗುರು ಚರ್ಮಕ್ಕೆ ಇಳಿಯಿತು. ಸುತ್ತು ಹೊಡೆದು ಮತ್ತೆ ಇಳಿದೆವು, ಮತ್ತೆ ಅದೇ ಅಬ್ಬರ. ಹಿಂದಿನ ಸೀಟಿನ ಹುಡುಗ ವಾಂತಿ ಮಾಡಿಕೊಂಡ. ಯಾರೋ ಪೈಲಟ್‌ಗೆ ಬೈಯತೊಡಗಿದರು. ಆಮೇಲೆ ಪ್ರಕಟಣೆ ಬಂತು: ರನ್‌ವೇಗೆ ಮುಂಚಿನ ದೀಪಗಳು ಕೆಟ್ಟಿವೆ, ಈ ಮಳೆಯಲ್ಲಿ ಇಳಿಯಲಾಗದು, ಬೇರೆ ಊರಿಗೆ ಹೋಗುತ್ತಿದ್ದೇವೆ.

ಆ ಬೇರೆ ಊರಿನ ಬೆಂಚಿನ ಮೇಲೆ ರಾತ್ರಿ ಕಳೆದೆವು. ಪಕ್ಕದಲ್ಲಿದ್ದವರು ಇಂಥ ದೀಪಗಳನ್ನೇ ನೋಡಿಕೊಂಡು ನಿವೃತ್ತರಾದ ಎಲೆಕ್ಟ್ರಿಷಿಯನ್. ಅವರು ಬಿಡಿಸಿ ಹೇಳಿದರು. ಪೂರ್ಣ ವ್ಯವಸ್ಥೆ ಇದ್ದಲ್ಲಿ ಈ ದೀಪಗಳ ಸಾಲು ರನ್‌ವೇ ಆರಂಭಕ್ಕಿಂತ 900 ಮೀಟರ್ ಹಿಂದಿನಿಂದಲೇ ಶುರುವಾಗುತ್ತದೆ. ಎಷ್ಟೋ ಕಡೆ ಕಂಬಗಳು ಗೋಡೆಯಾಚೆಯ ಹೊಲಗಳಲ್ಲಿರುತ್ತವೆ. ಮೋಡದಿಂದ ಹೊರಬಿದ್ದ ಪೈಲಟ್‌ನ ಕಣ್ಣು ಮೊದಲು ಹುಡುಕುವುದು ಇವನ್ನೇ. ಒಂದು ಬಲ್ಬ್ ಹೋದರೆ ಉಳಿದವು ಉರಿಯಲೆಂದು ಪ್ರತಿ ದೀಪಕ್ಕೂ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಆದರೆ ಕೇಬಲ್ ಜಾಯಿಂಟಿಗೆ ನೀರು ಹೊಕ್ಕರೆ, ಕರೆಂಟು ಹದ ಮಾಡುವ ರೆಗ್ಯುಲೇಟರ್ ಕೈಕೊಟ್ಟರೆ, ಆ ಸರ್ಕ್ಯೂಟಿನ ದೀಪಗಳೆಲ್ಲ ಒಮ್ಮೆಗೇ ಹೋಗಬಹುದು. ದೀಪ ಸರಿಯಿದ್ದರೆ, ರೇಡಿಯೊ ಸಂಕೇತದಿಂದ ದಾರಿ ತೋರುವ ಐಎಲ್‌ಎಸ್ ಹಿಡಿದು 550 ಮೀಟರ್ ಗೋಚರತೆಯಲ್ಲೂ ಇಳಿಯಬಹುದು. ಪೂರ್ತಿ ಸತ್ತರೆ ಸುಮಾರು 1200 ಬೇಕು. ಸುತ್ತ ಕತ್ತಲಿದ್ದು ರನ್‌ವೇ ಒಂದೇ ಕಂಡರಂತೂ ತಾನು ತೀರಾ ಎತ್ತರದಲ್ಲಿದ್ದೇನೆಂಬ ಭ್ರಮೆ ಹುಟ್ಟಿ, ಪೈಲಟ್ ಬೇಕಾದ್ದಕ್ಕಿಂತ ಕೆಳಗಿಳಿಯುವ ಅಪಾಯವಿದೆ.

ನನ್ನಪ್ಪ ಲೋಂಡಾ–ಮೀರಜ್ ಹಳಿಯ ಮೇಲೆ ದುಡಿದವರು. "ಸಿಗ್ನಲ್ ದೀಪಾ ಆರಿತ್ತಂದ್ರ ಕೆಂಪು ಐತಿ ಅಂತನ ತಿಳೀಬೇಕು" ಅನ್ನುತ್ತಿದ್ದರು. ರೈಲ್ವೆಯ ನಿಯಮವೂ ಅದೇ. ನಮ್ಮ ಪೈಲಟ್ ಮಾಡಿದ್ದೂ ಅದನ್ನೇ. 2010ರ ಮೇ 22ರ ಮಂಗಳೂರು ವಿಮಾನ ದುರಂತದಲ್ಲಿ ದೀಪದ ದೋಷವಿರಲಿಲ್ಲ. ಆದರೂ ಮತ್ತೆ ಮೇಲೇರೋಣವೆಂದ ಸಹಪೈಲಟ್‌ನ ಮಾತನ್ನು ಕ್ಯಾಪ್ಟನ್ ಕೇಳದೆ 158 ಜನ ಸತ್ತರು. ಹಾಗಾಗಿ ಆ ರಾತ್ರಿ ನಮ್ಮ ಪೈಲಟ್‌ಗೆ ಬೈದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಮರುದಿನ ಮಧ್ಯಾಹ್ನ ಬಸ್ಸಿನಲ್ಲಿ ಆಸ್ಪತ್ರೆ ಮುಟ್ಟಿದೆವು. ಮೊಮ್ಮಗಳು ನಸುಕಿನಲ್ಲೇ ಹುಟ್ಟಿದ್ದಳು. ಮಗಳು ನೋವು ತಿಂದ ರಾತ್ರಿ ತಾಯಿ ಬಳಿಯಲ್ಲಿರಲಿಲ್ಲ; ಅದನ್ನು ಯಾರೂ ತುಂಬಿಕೊಡಲಾರರು.

ಮಳೆಗಾಲ ಹೇಳದೆ ಬರುವುದಿಲ್ಲ. ಮಿರಗದ ಮಳೆಗೆ ಮೊದಲು ನಾವು ಹಂಚು ಕೈಯಾಡಿಸುತ್ತೇವೆ. ಹಾಗೆಯೇ ದೀಪಗಳ ಕೇಬಲ್ ಜಾಯಿಂಟುಗಳನ್ನೂ ಬಿಚ್ಚಿ ನೋಡಬೇಕಲ್ಲವೇ? ಆ ನಿಲ್ದಾಣಕ್ಕೆ ಪತ್ರ ಬರೆದೆ. ದುರಸ್ತಿಯಾಗಿದೆ ಎಂದು ಒಂದು ಸಾಲಿನ ಉತ್ತರ ಬಂತು. ಮಳೆಗೆ ಮುಂಚೆ ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ ಎಂದು ಮತ್ತೆ ಕೇಳಿದ್ದೇನೆ. ಅದಕ್ಕಿನ್ನೂ ಉತ್ತರವಿಲ್ಲ.