ಚದುರಂಗದ ಮೊದಲ ಹತ್ತು ನಡೆಗಳು

ಶಾಲೆಗೆ ಹೋಗುವ ಮಕ್ಕಳಿರುವ ಮನೆಯಾದರೆ, ಈ ಒಂದೆರಡು ವರ್ಷಗಳಲ್ಲಿ ಚದುರಂಗದ ಹಾಸು ನಿಮ್ಮ ಮನೆಯೊಳಕ್ಕೂ ಬಂದಿರಬೇಕು. 2024ರ ಡಿಸೆಂಬರ್‌ನಲ್ಲಿ ಚೆನ್ನೈನ ಗುಕೇಶ್ 18ನೇ ವಯಸ್ಸಿನಲ್ಲೇ ವಿಶ್ವ ಚಾಂಪಿಯನ್ ಆದರು. 2025ರ ಜುಲೈಯಲ್ಲಿ ಜಾರ್ಜಿಯಾ ದೇಶದ ಬಟೂಮಿಯಲ್ಲಿ ನಡೆದ ಮಹಿಳಾ ವಿಶ್ವಕಪ್‌ನ ಫೈನಲ್‌ನಲ್ಲಿ ಎದುರುಬದುರು ಕುಳಿತವರಿಬ್ಬರೂ ನಮ್ಮ ದೇಶದವರೇ. 19ರ ಹರೆಯದ ದಿವ್ಯಾ ದೇಶಮುಖ್, ಅನುಭವಿ ಕೊನೇರು ಹಂಪಿಯವರನ್ನು ಸೋಲಿಸಿದರು. ಅಂಥ ಸುದ್ದಿ ಬಂದ ಮೇಲೆ ಮಕ್ಕಳು ಸುಮ್ಮನಿರುತ್ತಾರೆಯೇ?

ನಾನು ಪಾಠ ಹೇಳುವ ಕಬ್ಬಾಳು ಕನಕಪುರ ತಾಲೂಕಿನ ಹಳ್ಳಿ. ಕಬ್ಬಾಳಮ್ಮನ ಗುಡಿಯಿಂದ ಮತ್ತು ಊರಿಗೆ ಒತ್ತಿ ನಿಂತಿರುವ ದುರ್ಗದಿಂದ ಜನ ಅದನ್ನು ಬಲ್ಲರು. ಹತ್ತಿರದ ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟು ಮಾಡುವ ಆಟದ ಸಾಮಾನುಗಳಲ್ಲಿ ಚದುರಂಗದ ಕಾಯಿಗಳೂ ಇವೆ. ಕಾಯಿಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಹೇಳಿಕೊಡುವವರಿಗೆ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ದೊರೆತದ್ದೇ 2017ರಲ್ಲಿ, ಮೈಸೂರಿನ ತೇಜ್‌ಕುಮಾರ್ ಅವರ ಮೂಲಕ. ತರಬೇತುದಾರರೆಲ್ಲ ಪಟ್ಟಣಗಳಲ್ಲಿದ್ದಾರೆ. ಹಳ್ಳಿಯ ಮಕ್ಕಳಿಗೆ ಅಣ್ಣನ ಮೊಬೈಲೇ ಉಸ್ತಾದ್.

ಮಕ್ಕಳ ತಾಯಂದಿರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಟೀಚರ್, ಯಾವ ಓಪನಿಂಗ್ ಕಲಿತರೆ ನಮ್ಮ ಹುಡುಗಿ ಗೆಲ್ತಾಳೆ?" ಓಪನಿಂಗ್ ಎಂದರೆ ಆಟದ ಮೊದಲ ಹತ್ತು ಹದಿನೈದು ನಡೆಗಳ ಹೊಂದಾಣಿಕೆ. ನನ್ನ ಉತ್ತರ ಅವರಿಗೆ ನಿರಾಸೆ ತರುತ್ತದೆ. ಯಾವುದನ್ನು ಕಲಿಸಬೇಕು ಎನ್ನುವುದಕ್ಕಿಂತ, ಯಾವುದನ್ನು ಈಗಲೇ ಕಲಿಸಬಾರದು ಎಂದು ತಿಳಿಯುವುದು ಹೆಚ್ಚು ಮುಖ್ಯ ಎನ್ನುತ್ತೇನೆ. ಏಕೆಂದರೆ ಸಾಮಾನ್ಯ ಆಟಗಾರರನ್ನು ಸೋಲಿಸುವುದು ಎಷ್ಟೋ ಸಲ ಎದುರಾಳಿಯಲ್ಲ, ತಾವೇ ಆರಿಸಿಕೊಂಡ ಓಪನಿಂಗ್.

ಮುಂದೆ ಹೋಗುವ ಮೊದಲು ಒಂದು ಮಾತು. ಚದುರಂಗ ಆಡಬಹುದೇ ಎಂಬ ಬಗ್ಗೆ ಉಲಮಾಗಳಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ. ಪಣ ಕಟ್ಟಬಾರದು, ನಮಾಝ್ ತಪ್ಪಬಾರದು ಎಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ನಿಮ್ಮ ಮನೆಯ ತೀರ್ಮಾನ ನಿಮ್ಮದು. ಮಕ್ಕಳು ಈಗಾಗಲೇ ಆಡುತ್ತಿರುವ ಮನೆಗಳಿಗಾಗಿ ನಾನಿದನ್ನು ಬರೆಯುತ್ತಿದ್ದೇನೆ.

ಮದ್ರಸದಲ್ಲಿ ಅರಬಿ ಕಲಿತ ನನಗೆ ಓಪನಿಂಗ್‌ನ ವಿಷಯ ಹಿಡಿಸಿದ್ದು ಒಂದು ಪದದಿಂದ. ಇಂದಿಗೂ ಜಗತ್ತಿನ ದೊಡ್ಡ ಆಟಗಾರರು ಓಪನಿಂಗ್‌ನ ಹೆಸರಾಂತ ನಿಲುವೊಂದನ್ನು 'ತಬಿಯಾ' ಎನ್ನುತ್ತಾರೆ. ಅದು ಅರಬಿಯ 'ತಅಬಿಯ', ಅಂದರೆ ಯುದ್ಧಕ್ಕೆ ಮೊದಲು ಸೈನ್ಯವನ್ನು ಸಾಲುಗೊಳಿಸುವುದು. ಅಬ್ಬಾಸಿಯಾ ಕಾಲದ ಬಗ್ದಾದ್‌ನಲ್ಲಿ ಅಲ್-ಅದ್ಲಿ, ಆನಂತರ ಅಸ್ಸೂಲಿ ಮುಂತಾದವರು ಈ ಆಟದ ಬಗ್ಗೆ ಪುಸ್ತಕಗಳನ್ನೇ ಬರೆದರು. ಅಂದಿನ ಸಾಲುಗಳಿಗೆ ಸೊಗಸಾದ ಹೆಸರುಗಳಿದ್ದವು. ಒಂದು 'ಮುಜನ್ನಹ್', ಅಂದರೆ ರೆಕ್ಕೆಯುಳ್ಳದ್ದು. ಇನ್ನೊಂದು 'ಸೈಫ್', ಖಡ್ಗ. ಆಗ ಕಾಲಾಳು ಒಂದು ಸಲಕ್ಕೆ ಒಂದೇ ಮನೆ ನಡೆಯುತ್ತಿತ್ತು. ಮಂತ್ರಿಯೂ ಓರೆಯಾಗಿ ಒಂದೇ ಮನೆ. ಎರಡು ಸೈನ್ಯಗಳು ಮುಖಾಮುಖಿಯಾಗುವ ಹೊತ್ತಿಗೆ ಹತ್ತು ಹನ್ನೆರಡು ನಡೆಗಳೇ ಕಳೆದಿರುತ್ತಿದ್ದವು. ಎದುರಾಳಿ ಏನು ಮಾಡುತ್ತಾನೆಂದು ಚಿಂತಿಸದೆ, ಅಡುಗೆಮನೆಯ ಡಬ್ಬಿಗಳನ್ನು ಜೋಡಿಸಿದಂತೆ ತನ್ನ ಕಾಯಿಗಳನ್ನು ಜೋಡಿಸಿಕೊಳ್ಳಬಹುದಿತ್ತು.

15ನೇ ಶತಮಾನದ ಕೊನೆಯಲ್ಲಿ ಯುರೋಪಿನವರು ನಿಯಮ ಬದಲಿಸಿದರು. ಮಂತ್ರಿಯ ಜಾಗದ ರಾಣಿಗೆ ಎಂಟು ದಿಕ್ಕಿಗೂ ಓಡುವ ಬಲ ಕೊಟ್ಟರು. ನಾವು ಒಂಟೆ ಎನ್ನುವ ಬಿಷಪ್ ಕೂಡಾ ಓರೆಯಾಗಿ ಎಷ್ಟು ದೂರಕ್ಕಾದರೂ ಹೋಗಬಹುದಾಯಿತು. ಆ ಮೇಲೆ ಎಚ್ಚರ ತಪ್ಪಿದವನು ಎರಡನೇ ನಡೆಯಲ್ಲೇ ಮಾತ್ ಆಗಬಹುದು! ಓಪನಿಂಗ್ ಎಂಬುದು ಕಷ್ಟವಾದದ್ದು ಆಗಿನಿಂದ.

ಹಾಗಾದರೆ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು? ನಡೆಗಳ ಸಂಖ್ಯೆ ನೋಡಿ ಹೆಚ್ಚಿನವರು ಉತ್ತರ ಹೇಳುತ್ತಾರೆ. ಇಷ್ಟು ನಡೆ ಬಾಯಿಪಾಠ ಮಾಡಬೇಕಾದರೆ ಸುಲಭ, ಅಷ್ಟು ಮಾಡಬೇಕಾದರೆ ಕಷ್ಟ ಎಂದು. ನನಗೆ ಅದು ಸರಿ ಎನಿಸುವುದಿಲ್ಲ. ನಮ್ಮ ಮಕ್ಕಳು ಬಾಯಿಪಾಠದಲ್ಲಿ ಯಾರಿಗೂ ಕಡಿಮೆಯಿಲ್ಲ. ಕಷ್ಟ ಇರುವುದು ತಪ್ಪಿನ ಫಲ ತಡವಾಗಿ ಕಾಣಿಸಿಕೊಳ್ಳುವ ಓಪನಿಂಗ್‌ಗಳಲ್ಲಿ.

ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಗ್ರುನ್‌ಫೆಲ್ಡ್‌ಗೆ. ವಿಯೆನ್ನಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ 1922ರಲ್ಲಿ ಅದನ್ನು ಆಡಿ ಹೆಸರು ಮಾಡಿದರು. ಇದರಲ್ಲಿ ಕಪ್ಪು ಕಾಯಿಯವರು ಹಾಸಿನ ನಟ್ಟನಡುವಿನ ಜಾಗವನ್ನು ಬೇಕೆಂದೇ ಬಿಳಿಯವರಿಗೆ ಬಿಟ್ಟುಕೊಡುತ್ತಾರೆ. ಬಿಳಿಯ ಕಾಲಾಳುಗಳು ನಡುವೆ ಗೋಡೆಯಂತೆ ನಿಲ್ಲುತ್ತವೆ. ಆ ಗೋಡೆಯನ್ನು ಮೂಲೆಯಲ್ಲಿ ಕುಳಿತ ಒಂಟೆಯಿಂದಲೂ ಪಕ್ಕದ ಕಾಲಾಳಿನಿಂದಲೂ ಕೊರೆದು ಬೀಳಿಸುವುದು ಕಪ್ಪಿನವರ ಉಪಾಯ. ಬಲ್ಲವರ ಕೈಯಲ್ಲಿ ಇದು ಅಂದವಾದ ಆಟ. ಬಾರದವರು ಒಂದು ನಡೆ ತಡ ಮಾಡಿದರೂ ಗೋಡೆ ಬೀಳುವುದಿಲ್ಲ, ಅದೇ ಮುಂದೆ ಸರಿದು ಇವರನ್ನು ಅಮುಕುತ್ತದೆ. ಆದರೆ ಅದು ಗೊತ್ತಾಗುವುದು ಇಪ್ಪತ್ತನೇ ನಡೆಯ ಸುಮಾರಿಗೆ. ತಪ್ಪಿದ್ದು ಎಂಟನೇ ನಡೆಯಲ್ಲಿ ಎಂದು ಮಗುವಿಗೆ ಹೇಗೆ ತಿಳಿಯಬೇಕು?

ಇದನ್ನು ವಿವರಿಸಲು ನಾನು ಪದಗಳಿಗಾಗಿ ತಡಕಾಡುತ್ತಿದ್ದಾಗ ರೇಷ್ಮೆ ಸಾಕುವ ಮನೆಯ ಹುಡುಗಿಯೊಬ್ಬಳು ಒಂದೇ ಮಾತಿನಲ್ಲಿ ಹೇಳಿಬಿಟ್ಟಳು: "ನಮ್ಮಪ್ಪ ಹೇಳ್ತಾರಲ್ಲ ಟೀಚರ್, ಚಾಕೀಲಿ ಮಾಡಿದ ತಪ್ಪು ಚಂದ್ರಿಕೇಲಿ ಗೊತ್ತಾಯ್ತದೆ ಅಂತ, ಹಂಗೇ." ರೇಷ್ಮೆ ಬಲ್ಲ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಎಳೆಯ ಹುಳುವಿನ ಹಂತದ ಚಾಕಿಯಲ್ಲಿ ಸೊಪ್ಪಿನದ್ದೋ ಶಾಖದ್ದೋ ತಪ್ಪಾದರೆ, ಹುಳು ತಿಂದುಂಡು ಬೆಳೆದು ಗೂಡು ಕಟ್ಟಲು ಚಂದ್ರಿಕೆಗೆ ಹೋದಾಗ ಅದು ಬಯಲಾಗುತ್ತದೆ. ಅಷ್ಟರಲ್ಲಿ ಸೊಪ್ಪೂ ಮುಗಿದಿರುತ್ತದೆ, ದುಡಿಮೆಯೂ ಮುಗಿದಿರುತ್ತದೆ. ಗ್ರುನ್‌ಫೆಲ್ಡ್ ಬಗ್ಗೆ ಇದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಎಲ್ಲೂ ಓದಿಲ್ಲ.

ಎರಡನೆಯದು ಸಿಸಿಲಿಯನ್ ರಕ್ಷಣೆಯ ನಜ್‌ಡಾರ್ಫ್ ಶಾಖೆ. ಮಿಗೆಲ್ ನಜ್‌ಡಾರ್ಫ್ ಪೋಲೆಂಡಿನವರು. 1939ರಲ್ಲಿ ಬ್ಯೂನಸ್ ಐರಿಸ್‌ನ ಒಲಿಂಪಿಯಾಡ್‌ಗೆ ಹೋಗಿದ್ದಾಗ ಯುದ್ಧ ಹೊತ್ತಿಕೊಂಡಿತು. ಅವರು ಅರ್ಜೆಂಟೀನಾದಲ್ಲೇ ಉಳಿದರು. ಅವರ ಹೆಸರಿನ ಈ ಓಪನಿಂಗ್‌ನಲ್ಲಿ ಕಪ್ಪಿನ ಐದನೇ ನಡೆ ಎಂದರೆ ಅಂಚಿನ ಕಾಲಾಳನ್ನು ಒಂದೇ ಒಂದು ಮನೆ ಮುಂದಿಡುವುದು. ನೋಡಿದವರಿಗೆ ಏನೂ ತೋಚದೆ ಆಡಿದಂತಿದೆ. ವಾಸ್ತವದಲ್ಲಿ ಎದುರಾಳಿಯ ಕುದುರೆಯೋ ಒಂಟೆಯೋ ಬಂದು ಕೂರಬಹುದಾಗಿದ್ದ ಮನೆಗೆ ಅದು ಹಾಕಿದ ಬೇಲಿ. ಇದಾದ ಮೇಲೆ ಬಿಳಿಯವರಿಗೆ ಏಳೆಂಟು ಒಳ್ಳೆಯ ದಾರಿಗಳಿವೆ. ಪ್ರತಿಯೊಂದಕ್ಕೂ ಉತ್ತರ ಬೇರೆ. ಬಾಬಿ ಫಿಷರ್‌ರಂಥವರೇ 1972ರಲ್ಲಿ ರೇಕ್ಯಾವಿಕ್‌ನ ವಿಶ್ವ ಚಾಂಪಿಯನ್‌ಶಿಪ್‌ನ ಹನ್ನೊಂದನೇ ಆಟದಲ್ಲಿ ಇದನ್ನಾಡಿ, ರಾಣಿಯನ್ನು ಬಲೆಗೆ ಕೊಟ್ಟು ಸ್ಪಾಸ್ಕಿಗೆ ಸೋತರು. ಎಂಟನೇ ತರಗತಿಯ ಮಗುವಿನ ಗತಿ ಏನು?

ಆ ಎಂಟನೇ ತರಗತಿಯ ಹುಡುಗಿ ನನ್ನ ವಿದ್ಯಾರ್ಥಿನಿಯೇ. ಅಣ್ಣನ ಮೊಬೈಲ್‌ನಲ್ಲಿ ನೋಡಿ ನಜ್‌ಡಾರ್ಫ್‌ನ ಹದಿನೈದು ನಡೆಗಳನ್ನು ಕಂಠಪಾಠ ಮಾಡಿ ಶಾಲಾ ಪಂದ್ಯಕ್ಕೆ ಹೋದಳು. ಎದುರು ಕುಳಿತ ಹುಡುಗಿಗೆ ನಜ್‌ಡಾರ್ಫ್ ಎಂಬ ಹೆಸರೇ ಗೊತ್ತಿರಲಿಲ್ಲವೇನೋ. ಮೂರನೇ ನಡೆಗೆ ಒಂಟೆಯನ್ನು ತಂದು ರಾಜನಿಗೆ ಚೆಕ್ ಕೊಟ್ಟಳು. ಅದೂ ಪುಸ್ತಕದಲ್ಲಿರುವ ಒಳ್ಳೆಯ ನಡೆಯೇ. ಆದರೆ ಅಲ್ಲಿಂದ ಮುಂದೆ ನಜ್‌ಡಾರ್ಫ್ ಬರುವುದೇ ಇಲ್ಲ. ಹದಿನೈದು ನಡೆಗಳ ಕಂಠಪಾಠ ಮೂರನೆಯದಕ್ಕೇ ನೀರುಪಾಲಾಯಿತು. ಆ ಚೆಕ್‌ನಿಂದ ಅವಳಿಗೆ ನಷ್ಟವೇನೂ ಆಗಿರಲಿಲ್ಲ. ಎಂದಿಗೂ ಬಾರದ ನಿಲುವನ್ನು ಹುಡುಕುತ್ತಾ ಹೋಗಿ ಸೋತಳು.

ಬಸ್ಸಿನಲ್ಲಿ ಬರುವಾಗ ಅವಳು ಹೇಳಿದ್ದು, "ನನಗೆ ತಲೆ ಇಲ್ಲ ಟೀಚರ್."

ಸಹೋದರಿಯರೇ, ನಾನು ಹೆದರುವುದು ಈ ಮಾತಿಗೆ. ಇಂದು ಚದುರಂಗಕ್ಕೆ ಅನ್ವಯಿಸಿದ ಮಾತನ್ನು ಹೆಣ್ಣುಮಕ್ಕಳು ನಾಳೆ ಗಣಿತಕ್ಕೆ, ಆಮೇಲೆ ವಿಜ್ಞಾನಕ್ಕೆ ಅನ್ವಯಿಸುತ್ತಾರೆ. ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಮನೆಯವರೂ ಅದನ್ನು ನಂಬಿರುತ್ತಾರೆ. ಅವಳ ತಂದೆ ಮರುದಿನ ಶಾಲೆಗೆ ಬಂದು, "ಬರದೇ ಇರೋ ಆಟಕ್ಕೆ ಊರೂರು ತಿರುಗೋದು ಯಾಕೆ ಮೇಡಂ?" ಎಂದು ಕೇಳಿದರು. ಒರಟು ಮನುಷ್ಯರಲ್ಲ, ಮಗಳ ಸಪ್ಪೆ ಮುಖ ನೋಡಲಾರದೆ ಕೇಳಿದ್ದು. ನಾನು ಹಾಸು ಬಿಡಿಸಿ ಆ ಮೂರನೇ ನಡೆಯನ್ನು ತೋರಿಸಿದೆ. "ಇಲ್ಲಿವರೆಗೆ ನಿಮ್ಮ ಮಗಳದ್ದು ಒಂದೂ ತಪ್ಪಿಲ್ಲ ನೋಡಿ" ಎಂದೆ. ಅವರಿಗೆ ಆಟ ಅರ್ಥವಾಗಲಿಲ್ಲ, ಮಾತು ಅರ್ಥವಾಯಿತು. ಇನ್ನೊಂದು ವರ್ಷಕ್ಕೆ ಒಪ್ಪಿದರು.

ಓಪನಿಂಗ್‌ನ ಪುಸ್ತಕಜ್ಞಾನವಿಲ್ಲದೆಯೇ ಎತ್ತರಕ್ಕೆ ಹೋದವರ ಕಥೆಯನ್ನು ಆ ವರ್ಷ ನನ್ನ ತರಗತಿಗೆ ಹೇಳಿದೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಬೆಳೆದದ್ದು ನಮ್ಮ ದೇಶೀ ನಿಯಮಗಳಲ್ಲಿ, ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುವ ಆಟದಲ್ಲಿ. 1929ರಲ್ಲಿ ಲಂಡನ್ನಿಗೆ ಹೋದಾಗ ಯುರೋಪಿನ ಓಪನಿಂಗ್‌ಗಳು ಅವರಿಗೆ ಹೊಸವು. ಆದರೂ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ. ಕ್ಯಾಪಬ್ಲಾಂಕರಂಥ ಮಾಜಿ ವಿಶ್ವ ಚಾಂಪಿಯನ್ನರನ್ನೂ ಸೋಲಿಸಿದರು. ಆರಂಭದಲ್ಲಿ ಹಿಂದೆ ಬಿದ್ದರೂ ನಡುವಿನ ಮತ್ತು ಕೊನೆಯ ಆಟದಲ್ಲಿ ಸರಿಮಾಡಿಕೊಳ್ಳುತ್ತಿದ್ದರು. ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ, ಅವರು ತೀರಿಕೊಂಡು ಸುಮಾರು 58 ವರ್ಷಗಳಾದ ಮೇಲೆ. ಅವರನ್ನು ಕರೆದೊಯ್ದ ಸರ್ ಉಮರ್ ಹಯಾತ್ ಖಾನ್‌ರ ಮನೆಯಲ್ಲಿ ಕೆಲಸಕ್ಕಿದ್ದ ಫಾತಿಮಾ ಎಂಬಾಕೆ 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದಳು. ಈ ಹೆಸರು ಕೇಳಿದಾಗ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕಷ್ಟದ ಪಟ್ಟಿಯಲ್ಲಿ ಇನ್ನೂ ಇವೆ. ಕಪ್ಪಿಗೆ ಕಿಂಗ್ಸ್ ಇಂಡಿಯನ್, ಬಿಳಿಗೆ ಕ್ಯಾಟಲನ್. ಕ್ಯಾಟಲನ್‌ನಲ್ಲಿ ಕಾಲಾಳೊಂದನ್ನು ಬಿಟ್ಟುಕೊಟ್ಟು ಅದರ ಬೆಲೆಯನ್ನು ತಾಳ್ಮೆಯಿಂದ ವಸೂಲಿ ಮಾಡಬೇಕು. ಸಾಲ ಕೊಟ್ಟು ಕಾಯುವ ತಾಳ್ಮೆ ಮಕ್ಕಳಿಗೆಲ್ಲಿದೆ?

ಇನ್ನು ಸುಲಭವಾದದ್ದರ ಮಾತು. ಬಿಳಿಗೆ ಇಟಾಲಿಯನ್. ರಾಜನ ಮುಂದಿನ ಕಾಲಾಳು ಎರಡು ಮನೆ, ಆಮೇಲೆ ಕುದುರೆ, ಆಮೇಲೆ ಒಂಟೆ, ಬಳಿಕ ರಾಜನನ್ನು ಆನೆಯ ಪಕ್ಕಕ್ಕೆ ಸೇರಿಸಿ ಕೋಟೆ ಕಟ್ಟುವುದು. ಎದುರಾಳಿಯ ರಾಜನೊಬ್ಬನೇ ಕಾಯುತ್ತಿರುವ ಕಾಲಾಳಿನ ಮೇಲೆ ನಮ್ಮ ಒಂಟೆಯ ಕಣ್ಣಿರುತ್ತದೆ. ಪ್ರತಿ ನಡೆಗೂ ಕಾರಣ ಕಣ್ಣಿಗೆ ಕಾಣುತ್ತದೆ, ತಪ್ಪಾದರೆ ಶಿಕ್ಷೆಯೂ ಆಗಲೇ ಸಿಗುತ್ತದೆ. ಕಬ್ಬಾಳು ದುರ್ಗವನ್ನು ದಿನಾ ನೋಡುವ ಮಕ್ಕಳಿಗೆ ರಾಜನನ್ನು ಕೋಟೆಯೊಳಗೆ ಯಾಕಿಡಬೇಕೆಂದು ಹೇಳುವ ಅಗತ್ಯವೇ ಬೀಳಲಿಲ್ಲ. ಹೆದರುವ ಮಕ್ಕಳಿಗೆ ಲಂಡನ್ ಸಿಸ್ಟಮ್. ಎದುರಾಳಿ ಏನೇ ಆಡಲಿ, ಹೆಚ್ಚುಕಡಿಮೆ ಅದೇ ಸಾಲು. ಹಳೆಯ ತಅಬಿಯಕ್ಕೆ ಇಂದು ಉಳಿದಿರುವ ಹತ್ತಿರದ ಬಂಧು ಅದೇ. ಆದರೆ ಅದನ್ನೇ ಆಡುತ್ತಾ ಹೋದರೆ ಆಟ ಬೆಳೆಯುವುದಿಲ್ಲ. ಕಪ್ಪಿಗೆ, ರಾಜನ ಕಾಲಾಳು ಎರಡು ಮನೆ ಬಂದರೆ ನಮ್ಮದೂ ಎರಡು ಮನೆ.

ನಿಮಗೆ ಆಟ ಬಾರದಿದ್ದರೂ ಮಗಳನ್ನು ಪರೀಕ್ಷಿಸಬಹುದು. ಅವಳು ಆಡುವಾಗ ಒಂದೊಂದು ನಡೆಗೂ "ಇದು ಯಾಕೆ?" ಎಂದು ಕೇಳಿ. ತನ್ನದೇ ಮಾತಿನಲ್ಲಿ ಉತ್ತರ ಕೊಟ್ಟರೆ ಆ ನಡೆ ಅವಳದ್ದು. "ಮೊಬೈಲ್‌ನಲ್ಲಿ ಹಾಗೇ ಆಡಿದರು" ಎಂದರೆ ಆ ಓಪನಿಂಗ್‌ಗೆ ಇನ್ನೂ ಸಮಯವಿದೆ. ಒಲೆಯ ಮುಂದೆ ನಿಂತೇ ಕೇಳಬಹುದಾದ ಪ್ರಶ್ನೆ ಇದು.

ಆ ಹುಡುಗಿ ಒಂದು ವರ್ಷ ಇಟಾಲಿಯನ್ ಬಿಟ್ಟು ಬೇರೇನೂ ಆಡಲಿಲ್ಲ. ಮರು ವರ್ಷ ಪಂದ್ಯದಲ್ಲಿ ಐದು ಆಟಗಳಲ್ಲಿ ಮೂರನ್ನು ಗೆದ್ದಳು, ಎರಡನ್ನು ಸೋತಳು. ಬಹುಮಾನವೇನೂ ಬರಲಿಲ್ಲ. ಬಸ್ಸಿನಲ್ಲಿ ಕುಳಿತು, ಸೋತ ಎರಡು ಆಟಗಳಲ್ಲಿ ಎಲ್ಲೆಲ್ಲಿ ತಪ್ಪಿತೆಂದು ಕನಕಪುರದಿಂದ ಸಾತನೂರಿನ ತನಕ ನನಗೆ ವಿವರಿಸಿದಳು. ಈಗ ಅವಳು ಹತ್ತನೇ ತರಗತಿ. ಕಳೆದ ವಾರ ಬಂದು, ನಜ್‌ಡಾರ್ಫ್‌ನ ಐದನೇ ನಡೆ ಯಾಕೆಂದು ಈಗ ಗೊತ್ತಾಯಿತು, ಆರನೆಯದಕ್ಕೆ ಬಿಳಿ ಒಂಟೆಯನ್ನು ಕುದುರೆಯ ಎದುರು ತಂದರೆ ಏನು ಮಾಡಬೇಕು ಎಂದು ಕೇಳಿದಳು. ಪರೀಕ್ಷೆ ಮುಗಿಯಲಿ ಎಂದಿದ್ದೇನೆ.